ಎಂಟುನೂರು ಮೊಗ್ಗಿಗೆ ಒಂದು ಚೆಂಡು

ಏಪ್ರಿಲ್ 21, 2025, ಸೋಮವಾರ ರಾತ್ರಿ
ಶಂಕರಪುರ

ನಿದ್ದೆ ಬರ್ತಾ ಇಲ್ಲ. ಒಳಗೆ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಕಿ ಹದಿನಾಲ್ಕು ಜನ ಮಲಗಿದ್ದಾರೆ, ಎರಡು ಫ್ಯಾನು ತಿರುಗ್ತಾ ಉಂಟು, ಆದ್ರೂ ಸೆಖೆ ಅಂದ್ರೆ ಸೆಖೆ. ನಾನು ಎದ್ದು ಬಂದು ಜಗಲಿಯಲ್ಲಿ ಕೂತಿದ್ದೇನೆ. ಬೆರಳಿಂದ ಮಲ್ಲಿಗೆ ವಾಸನೆ ಇನ್ನೂ ಹೋಗ್ಲಿಲ್ಲ, ಮಧ್ಯಾಹ್ನ ಕೋರಿ ರೊಟ್ಟಿ ತಿಂದು ಸೋಪು ಹಾಕಿ ತೊಳೆದ ಮೇಲೂ ಉಂಟು, ಅದರ ಜೊತೆ ಬಾಳೆ ನಾರಿನ ಆ ಹಸಿ ವಾಸನೆಯೂ. ಇದು ಮೂಗಿಗೆ ಬಡಿದ್ರೆ ಸಾಕು, ಏಪ್ರಿಲ್ ಹತ್ತಕ್ಕೆ ರಿಸಲ್ಟ್ ಆಗಿ ಹನ್ನೊಂದಕ್ಕೆ ಮಂಗಳೂರಿಂದ ಬಸ್ಸು ಹತ್ತಿ ಬರ್ತಿದ್ದದ್ದು, ಕಟಪಾಡಿಯಲ್ಲಿ ಇಳಿದು ಶಿರ್ವ ಬಸ್ಸಿಗೆ ಕಾಯ್ತಾ ಅಮ್ಮನ ಹತ್ರ ಕುಡಿಲಿಕ್ಕೆ ಬೊಂಡ ಬೇಕು ಅಂತ ಹಟ ಮಾಡಿದ್ದು, ಅಜ್ಜಿ ಗೇಟಿನ ಹತ್ರ ನಿಂತಿರ್ತಿದ್ದದ್ದು ಎಲ್ಲ ಒಟ್ಟಿಗೆ ಬಂದುಬಿಡ್ತದೆ.

ದೊಡ್ಡ ಮಾವನ ಮಗಳು ಪುಟ್ಟಿಯ ಮದುವೆ ನಿನ್ನೆ ಚೆಂದದಲ್ಲಿ ಕಳೀತು. ಹಾಲ್ ತುಂಬ ಜನ. ಮುಂಬೈ ದೊಡ್ಡಮ್ಮ ಹನ್ನೊಂದು ವರ್ಷದ ಮೇಲೆ ಊರಿಗೆ ಬಂದದ್ದು, ಊಟಕ್ಕೆ ಮಟ್ಟುಗುಳ್ಳ ಬದನೆಯ ಸಾಂಬಾರು ಇತ್ತು, ಅದನ್ನೇ ಮೂರು ಸಲ ಹಾಕಿಸಿಕೊಂಡ್ರು, ಮುಂಬೈಯಲ್ಲಿ ಗುಳ್ಳ ಸಿಕ್ಕಿದ್ರೂ ಈ ರುಚಿ ಬರುದಿಲ್ಲ ಮಟ್ಟುವಿನ ಮಣ್ಣೇ ಬೇರೆ ಅಂತ. ನಿನ್ನೆಯೇ ಈಸ್ಟರ್ ಕೂಡ. ಪಕ್ಕದ ಮನೆ ಬಾಯಮ್ಮ ಶನಿವಾರ ನಡುರಾತ್ರಿವರೆಗೆ ಇಗರ್ಜಿಯಲ್ಲಿದ್ದು, ಮನೆಗೆ ಬಂದು ಸ್ವಲ್ಪ ಹೊತ್ತು ಮಲಗಿ, ಐದಕ್ಕೆ ಎದ್ದು ಅತ್ತೆಯ ಒಟ್ಟಿಗೆ ನಮ್ಮ ಗಿಡದ ಹೂವು ಕೊಯ್ದು ಕೊಟ್ಟಿದ್ದಾರೆ, ಮದುಮಗಳ ಜಡೆಗೆ, ನಮಗೆಲ್ಲ ಮುಡಿಲಿಕ್ಕೆ. ಹೊರಗಿಂದ ಒಂದು ಅಟ್ಟೆ ಹೂವೂ ತರ್ಲಿಲ್ಲ. ಮದುವೆ ಸೀಸನ್ನಲ್ಲಿ ಅಟ್ಟೆ ಸಾವಿರ ದಾಟುವ ಊರಲ್ಲಿ ನಾವು ಅಷ್ಟು ಜನ ತಲೆ ತುಂಬ ಮುಡಿದು ಓಡಾಡಿದ್ದು. ಫೋಟೋದಲ್ಲಿ ನೋಡಿದೆ ಈಗ, ಅತ್ತೆಯ ತಲೆಯಲ್ಲಿ ಮಾತ್ರ ಹೂವಿಲ್ಲ. ಸಣ್ಣ ಮಾವ ಹೋಗಿ ಒಂಬತ್ತು ವರ್ಷ. ಮುಡೀಬಾರ್ದು ಅಂತ ಈಗ ಯಾರೂ ಹೇಳುದಿಲ್ಲ, ಆದ್ರೆ ಮುಡೀರಿ ಅಂತ ನಾವು ಒಬ್ಬರಾದ್ರೂ ಹೇಳಿದ್ವಾ. ಹೇಳ್ಲಿಲ್ಲ.

ಬರೀಬೇಕಾದ್ದು ಇವತ್ತು ಬೆಳಿಗ್ಗೆದ್ದು.

ಐದು ಗಂಟೆಗೆ ಎಚ್ಚರ ಆಯ್ತು, ಅತ್ತೆ ತಲೆಗೆ ಬೈರಾಸು ಸುತ್ತಿ ಟಾರ್ಚ್ ಹಿಡ್ಕೊಂಡು ಹೋಗ್ತಿದ್ರು. ಮದುವೆ ಮರುದಿನ ಕೂಡ. ನಾನೂ ಹಿಂದೆ ಹೋದೆ. ಗಿಡಕ್ಕೆ ರಜೆ ಇಲ್ಲ ಅಲ್ವಾ, ಇವತ್ತಿನ ಮೊಗ್ಗು ಇವತ್ತೇ ಕೊಯ್ಯಬೇಕು, ಬಿಸಿಲೇರಿದ್ರೆ ಬಾಡ್ತದೆ, ಸಂಜೆಗೆ ಅರಳಿದ್ರೆ ಯಾರಿಗೂ ಬೇಡ. ಎಂಬತ್ತು ಗಿಡ ಉಂಟು ಈಗ. ಅಜ್ಜಿ ಇರುವಾಗ ನೂರರ ಮೇಲೆ ಇತ್ತು. ಮನೆ ಹಿಂದಿನ ಈ ಬೆಟ್ಟು ಜಾಗದಲ್ಲಿ ಬರೀ ಕೆಂಪು ಮುರಕಲ್ಲು, ಗದ್ದೆ ಮಾಡ್ಲಿಕ್ಕೆ ಆಗುದಿಲ್ಲ ಅಂತ ಅಜ್ಜ ಬಿಟ್ಟದ್ದಂತೆ, ಅಜ್ಜಿಯೇ ಗುಂಡಿ ತೋಡಿಸಿ ಸುಡುಮಣ್ಣು ಹಟ್ಟಿಗೊಬ್ಬರ ಹಾಕಿ ಒಂದೊಂದೇ ಗಿಡ ನೆಟ್ಟದ್ದು, ಬೇಸಿಗೆಯಲ್ಲಿ ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತು. ಅಮ್ಮನ ಕಾಲೇಜು ಫೀಸು ಈ ಗಿಡದ್ದು. ಅಮ್ಮನ ಕರಿಮಣಿ ಸರದ ಚಿನ್ನ ಕೂಡ ಈ ಗಿಡದ್ದೇ ಅಂತ ಅಮ್ಮ ಹೇಳ್ತಿದ್ದಳು.

ನಾನು ಲೆಕ್ಕ ಕಲಿತದ್ದು ಇಲ್ಲಿ. ಶಾಲೆಯಲ್ಲಿ ನೂರರ ಆಚೆ ಹೇಳಿಕೊಡುವ ಮೊದ್ಲೇ ನಂಗೆ ಎಂಟುನೂರು ಗೊತ್ತಿತ್ತು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಜ್ಜಿ ಪ್ರತಿ ನೂರಕ್ಕೆ ಒಂದು ಮಂಜೊಟ್ಟಿ ಬೀಜ ಪಕ್ಕಕ್ಕೆ ಇಡ್ತಿದ್ದರು, ಆ ಪೂರ್ತಿ ಕೆಂಪು ಬೀಜ, ಎಂಟು ಬೀಜ ಆದ್ರೆ ಒಂದು ಚೆಂಡು ಮುಗೀತು. ಬೀಜ ಇಡುವ ಕೆಲಸ ನನ್ನದು. ಒಮ್ಮೆ ಅಣ್ಣ ನಂಗೆ ಕಾಣದ ಹಾಗೆ ಎರಡು ಬೀಜ ಜಾಸ್ತಿ ಇಟ್ಟು, ಅಜ್ಜಿ ಆರುನೂರಕ್ಕೇ ಗಂಟು ಹಾಕಿ ಕಳಿಸಿ, ಹೂವು ತಗೊಳ್ಳುವ ಕಟ್ಟೆಯಿಂದ ಅದು ವಾಪಸ್ ಬಂದು, ಅಜ್ಜಿ ಬೈಯ್ಲಿಲ್ಲ, ಸುಮ್ಮನೆ ಕೂತು ಇನ್ನೂರು ಮೊಗ್ಗು ಸೇರಿಸಿ ಕಟ್ಟಿ, ಅಣ್ಣನ ಕೈಯಲ್ಲೇ ಕಳಿಸಿದ್ದರು. ಅವನು ಅಳ್ತಾ ಹೋಗಿದ್ದ. ಇವತ್ತು ದುಬೈಗೆ ಫೋನ್ ಮಾಡಿದಾಗ ಅದು ನೆನಪುಂಟಾ ಅಂತ ಕೇಳಿದೆ. ಇಲ್ಲ ಅಂದ.

ಕೊಯ್ದು ಬಂದು ಇದೇ ಜಗಲಿಯಲ್ಲಿ ಕಟ್ಲಿಕ್ಕೆ ಕೂತ್ವಿ. ನಾರು ರಾತ್ರಿಯೇ ನೆನೆಸಿಟ್ಟಿದ್ದರು. ನನ್ನ ಕೈಗೆ ಮರೆತಿರಬಹುದು ಅಂದ್ಕೊಂಡಿದ್ದೆ, ಎಷ್ಟು ವರ್ಷ ಆಯ್ತು, ಆದ್ರೆ ಎರಡು ಮೊಗ್ಗು ಈಚೆ ಎರಡು ಆಚೆ ಇಟ್ಟು ನಾರು ಸುತ್ತಿ ಎಳೆದದ್ದೇ ಕೈ ತನ್ನಷ್ಟಕ್ಕೆ ಹೋಯ್ತು. ನಿಧಾನ ಮಾತ್ರ. ಅತ್ತೆ ಮೂರು ಮೊಳ ಕಟ್ಟುವಾಗ ನಂದು ಒಂದು.

ಅತ್ತೆ ನನ್ನದನ್ನು ಎತ್ತಿ ನೋಡಿ, "ಅಮ್ಮನ ಹಾಗೇ ಬಿಗಿ ಕಟ್ತಿ ನೀನು" ಅಂದ್ರು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ಎತ್ತದೆ ಹೇಳಿದ್ರು, "ಇವತ್ತು ಊಟ ಆದ ಮೇಲೆ ಮಾವ ಕಾಗದ ತರ್ತಾರೆ. ನೀನು ಸೈನ್ ಹಾಕು ಮಗಾ. ನನ್ನ ಮುಖ ನೋಡಿ ನಿಲ್ಲಿಸ್ಬೇಡ."

ಜಾಗ ಮಾರುವ ಮಾತು ವಾಟ್ಸಾಪ್ ಗ್ರೂಪಲ್ಲಿ ನೋಡಿದ್ದೆ. ಆದ್ರೆ ಅದು ಇನ್ನೂ ದೂರದ ವಿಷಯ ಅಂತ ಇದ್ದೆ, ಮದುವೆ ಗಡಿಬಿಡಿಯಲ್ಲಿ ಯಾರೂ ಬಾಯಿ ಬಿಟ್ಟಿರ್ಲಿಲ್ಲ. ನೀವೆಲ್ಲಿಗೆ ಹೋಗ್ತೀರಿ ಅತ್ತೆ ಅಂತ ಕೇಳಿದೆ. ಮಗ ಪುಣೆಗೆ ಕರೀತಾ ಇದ್ದಾನೆ, ಹನ್ನೊಂದನೇ ಮಾಳಿಗೆ ಅಂತೆ, ಸೊಸೆ ಒಳ್ಳೆಯವಳು ಅಂದ್ರು. ನಿಮಗೆ ಮನಸ್ಸುಂಟಾ ಅಂದೆ.

"ಮನಸ್ಸು ಎಂತ ಮಾರಾಯ್ತಿ. ಬೆನ್ನು ನೋವು ರಾತ್ರಿ ಮಲಗ್ಲಿಕ್ಕೆ ಬಿಡುದಿಲ್ಲ. ಕೊಯ್ಯಲಿಕ್ಕೆ ಜನ ಇಲ್ಲ, ಬಾಯಮ್ಮನಿಗೂ ಮಂಡಿ ನೋವು. ಆಷಾಢದಲ್ಲಿ ರೇಟು ಬಿದ್ದಾಗ ಹಿಂಡಿ ದುಡ್ಡು ಕೂಡ ಹುಟ್ಟುದಿಲ್ಲ. ನಿಲ್ಲಿಸಿಬಿಡುವಾ ಅಂತ ದಿನಾ ಬೆಳಿಗ್ಗೆ ಏಳುವಾಗ ಕಾಣ್ತದೆ."

ನಾರಿನ ತುದಿ ಹಲ್ಲಲ್ಲಿ ಕಚ್ಚಿ ಸೀಳಿದ್ರು. "ಆದ್ರೆ ನಿಲ್ಲಿಸಿದ್ರೆ ಬೆಳಿಗ್ಗೆ ಎದ್ದು ಎಂತ ಮಾಡುದು ಅಂತಲೂ ಕಾಣ್ತದೆ."

ನಂಗೆ ಎಂತ ಹೇಳ್ಬೇಕು ಗೊತ್ತಾಗ್ಲಿಲ್ಲ. ಈ ಮನೆ ಹೋದ್ರೆ ನಂಗೆ ತುಂಬ ಬೇಜಾರಾಗ್ತದೆ ಅತ್ತೆ ಅಂದೆ, ಅದು ನಿಜವೇ. ಅವರು ನಕ್ಕು, ಸಿಟ್ಟಲ್ಲ, ಪ್ರೀತಿಯಲ್ಲೇ, "ಆಗ್ತದೆ ಮಗಾ. ನಿಮಗೆಲ್ಲ ಇದು ರಜೆಯ ಮನೆ. ನಂಗೆ ಇದು ಕೆಲಸದ ಮನೆ" ಅಂದ್ರು.

ಆ ಮಾತು ಬೆಳಿಗ್ಗೆಯಿಂದ ತಲೆಯಲ್ಲೇ ಉಂಟು. ಹೌದಲ್ವಾ. ನಾನು ಇಲ್ಲಿ ಎಂದೂ ಮಳೆಗಾಲ ಕಳೆದವಳಲ್ಲ. ನಂಗೆ ಗೊತ್ತಿರುವುದು ಏಪ್ರಿಲ್ ಮೇ ಮಾತ್ರ, ಕಾಟು ಮಾವಿನ ಹಣ್ಣು, ಗೇರು ಬೀಜ ಸುಡುವ ಹೊಗೆ, ಮುಟ್ಟಿದ್ರೆ ಬಟ್ಟೆಯಿಂದ ಹೋಗದ ಗೇರುಹಣ್ಣಿನ ಕರೆ, ಇನ್ನಂಜೆ ಕಡೆ ಹಳಿ ಹಾಕಿದ ಹೊಸತರಲ್ಲಿ ಮಕ್ಕಳೆಲ್ಲ ಸಾಲಾಗಿ ರೈಲು ನೋಡ್ಲಿಕ್ಕೆ ನಡೆದು ಹೋದದ್ದು. 1993ರಲ್ಲಿ ಮಂಗಳೂರು ಉಡುಪಿ ರೈಲು ಶುರುವಾದಾಗ ಅಜ್ಜ ನಮ್ಮನ್ನೆಲ್ಲ ನಿಲ್ಲಿಸಿ ತೋರಿಸಿದ್ರು, ನೋಡಿ ಮಕ್ಳೇ ಇನ್ನು ಮುಂಬೈಗೆ ಘಟ್ಟ ಹತ್ತುದು ಬೇಡ ಅಂತ. ಮುಂಬೈವರೆಗೆ ಪೂರ್ತಿ ಆಗ್ಲಿಕ್ಕೆ 1998 ಆಯ್ತು, ಅಜ್ಜ ಅಷ್ಟರಲ್ಲಿ ಹೋಗಿದ್ರು. ಜುಲೈಯಲ್ಲಿ ಈ ಮಾಡು ಎಲ್ಲೆಲ್ಲಿ ಸೋರ್ತದೆ ಅಂತ ನಂಗೆ ಗೊತ್ತಿಲ್ಲ. ಅತ್ತೆಗೆ ಗೊತ್ತುಂಟು.

ಹತ್ತು ಗಂಟೆಗೆ ಹೂವು ಕಟ್ಟೆಗೆ ಕೊಟ್ಟು ಬಂದದ್ದು ನಾನೇ, ಭಾವನ ಸ್ಕೂಟಿಯಲ್ಲಿ. ಒಂದು ಅಟ್ಟೆ ಮೂರು ಚೆಂಡು. ಮೊದಲು ಅಜ್ಜಿ ಬಾಳೆ ಎಲೆಯಲ್ಲಿ ಕಟ್ಟಿ ಕೊಡ್ತಿದ್ದರು, ಇವತ್ತಿಗೂ ಬಾಳೆ ಎಲೆಯೇ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿದ್ರೆ ಹೂವು ಬೆವರ್ತದೆ ಅಂತೆ. ಸಣ್ಣ ಪುಸ್ತಕದಲ್ಲಿ ಅತ್ತೆಯ ಹೆಸರಿನ ಎದುರು ಬರ್ಕೊಂಡ್ರು. ಆ ಪುಸ್ತಕದಲ್ಲಿ ಹಿಂದಿನ ಪುಟ ಎಲ್ಲ ನೋಡ್ತಾ ನಿಂತೆ, ಒಂದು ದಿನವೂ ಖಾಲಿ ಇಲ್ಲ. ನಿನ್ನೆದು ಮಾತ್ರ ಖಾಲಿ, ನಾವು ಮುಡಿದದ್ದು.

ಮಧ್ಯಾಹ್ನ ಊಟ ಆಯ್ತು, ಮಾವ ಫೈಲ್ ತಂದ್ರು. ಹೆಚ್ಚು ಬರೀಲಿಕ್ಕೆ ಮನಸ್ಸಿಲ್ಲ. ಅರವತ್ತು ಸೆಂಟ್ಸ್, ನಾಲ್ಕು ಪಾಲು, ಅಮ್ಮನ ಪಾಲು ಅಣ್ಣನಿಗೂ ನಂಗೂ. ದೊಡ್ಡಮ್ಮ ಓದದೇ ಸೈನ್ ಹಾಕಿದ್ರು. ಅಣ್ಣ ಆಗ್ಲೇ ಪವರ್ ಆಫ್ ಅಟಾರ್ನಿ ಕಳಿಸಿದ್ದಾನಂತೆ, ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು. ನಾನು, ಓದಿ ಕೊಡ್ತೇನೆ ಮಾವ ಅಂತ ಹೇಳಿ ಬ್ಯಾಗಿಗೆ ಹಾಕಿಕೊಂಡೆ. ಯಾರೂ ಎಂತದೂ ಹೇಳ್ಲಿಲ್ಲ. ಅತ್ತೆ ಎಲ್ಲರಿಗೂ ಪುನರ್ಪುಳಿ ಜ್ಯೂಸ್ ಮಾಡಿ ಕೊಟ್ರು.

ಪಹಣಿಯ ಪ್ರತಿ ಉಂಟು ಅದರ ಜೊತೆ, ಅಜ್ಜನ ಹೆಸರು. ಈ ಜಾಗ ಅಜ್ಜನಿಗೆ ಡಿಕ್ಲರೇಷನ್ನಲ್ಲಿ ಬಂದದ್ದು. ಅದಕ್ಕಿಂತ ಮೊದ್ಲು ಗೇಣಿ ಒಕ್ಕಲು, ವರ್ಷ ವರ್ಷ ಧಣಿಗಳ ಮನೆಗೆ ಅಕ್ಕಿ ಮುಡಿ ಹೊತ್ತು ಹಾಕ್ಬೇಕಿತ್ತು, ಮಳೆ ಕೈಕೊಟ್ಟ ವರ್ಷವೂ. 1974ರಲ್ಲಿ ಉಳುವವನಿಗೇ ಭೂಮಿ ಅಂತ ಕಾನೂನು ಬಂದು, ಅರ್ಜಿ ಹಾಕಿ, ಟ್ರಿಬ್ಯೂನಲ್ಲಿಗೆ ಅಲೆದು, ಕೊನೆಗೆ ಕಾಗದ ಕೈಗೆ ಬಂದ ದಿನ ಅಜ್ಜ ಅದನ್ನು ದೇವರ ಕೋಣೆಯಲ್ಲಿಟ್ಟು ದೀಪ ಹಚ್ಚಿದ್ದರಂತೆ. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೆ ಅಂದ್ರೆ ನಾನೇ ಕಣ್ಣಾರೆ ನೋಡಿದ ಹಾಗೆ ಆಗಿ ಹೋಗಿದೆ. ನಾನು ಆಗ ಹುಟ್ಟಿರಲೂ ಇಲ್ಲ.

ಸಂಜೆ ಮಕ್ಕಳೆಲ್ಲ ಹಟ ಮಾಡಿದ್ರು ಅಂತ ಮೂರು ಕಾರು ಮಾಡಿ ಕಾಪು ಬೀಚಿಗೆ ಹೋದ್ವಿ. ಲೈಟ್‌ಹೌಸ್ ಮೇಲೆ ಹತ್ತುವ ಟೈಮ್ ಮುಗಿದಿತ್ತು, ಬಂಡೆ ಮೇಲೆ ಕೂತ್ವಿ. 1901ರದ್ದು ಅದು, ಅಜ್ಜಿಗಿಂತ ಹಿರಿಯ. ರಜೆ ಮುಗಿಯುವ ಮೊದಲು ಅಜ್ಜ ಒಮ್ಮೆ ಇಲ್ಲಿಗೆ ಕರ್ಕೊಂಡು ಬರ್ತಿದ್ದರು, ಕಾಪು ಬಂತು ಅಂದ್ರೆ ರಜೆ ಮುಗೀತು ಅಂತ ಅರ್ಥ, ಅದಕ್ಕೇ ನಂಗೆ ಈ ಬೀಚು ಅಂದ್ರೆ ಚಿಕ್ಕಂದಿನಿಂದ ಖುಷಿಯೂ ಅಳುವೂ. ಚುರುಮುರಿ ತಿನ್ನುವಾಗ ಗಂಟಲು ಕಟ್ಟಿ ಬರ್ತಿತ್ತು.

ದೊಡ್ಡ ಮಾವ ನನ್ನ ಪಕ್ಕ ಬಂದು ಕೂತ್ರು. ನಂಗೆ ಸಿಟ್ಟಿತ್ತು ಅವರ ಮೇಲೆ, ನಿಜ ಹೇಳ್ಬೇಕಂದ್ರೆ. ಅಜ್ಜನ ಕಾಗದದ ಮಾತು ಎತ್ತಬೇಕು ಅಂತಲೇ ಇದ್ದೆ. ಅವರು ಸಮುದ್ರ ನೋಡ್ತಾ ಮೆಲ್ಲ ಹೇಳಿದ್ರು, "ಮದುವೆಗೆ ಹದಿನೆಂಟು ಲಕ್ಷ ಸಾಲ ಆಗಿದೆ ಮಗಾ. ಪುಟ್ಟಿಗೆ ಗೊತ್ತಿಲ್ಲ. ನೀನೂ ಹೇಳ್ಬೇಡ."

ನಾನು ಹೂಂ ಅಂದೆ. ಮತ್ತೆ ಇಬ್ಬರೂ ಮಾತಾಡ್ಲಿಲ್ಲ. ಕೆಳಗೆ ಪುಟ್ಟಿ, ಮದರಂಗಿ ಕೈಯಲ್ಲಿ ಚಪ್ಪಲಿ ಹಿಡ್ಕೊಂಡು ಗಂಡನ ಜೊತೆ ನೀರಲ್ಲಿ ನಿಂತಿದ್ದಳು, ಸೀರೆ ಅಂಚು ಒದ್ದೆ ಮಾಡಿಕೊಂಡು, ಅಷ್ಟು ಖುಷಿ ಅವಳ ಮುಖದಲ್ಲಿ. ಮೂರು ವರ್ಷದವಳಿರುವಾಗ ಇದೇ ಜಾಗದಲ್ಲಿ ತೆರೆ ಬಂತು ಅಂತ ಹೆದರಿ ಓಡಿ ಬಂದು ನನ್ನ ಕಾಲು ತಬ್ಬಿ ಹಿಡಿದಿದ್ದಳು, ಬಿಡ್ಲೇ ಇಲ್ಲ ಮನೆ ಬರುವವರೆಗೆ.

ಮಾವನ ಕಾಲಿನ ಹಿಮ್ಮಡಿ ಒಡೆದದ್ದು ನೋಡ್ತಾ ಕೂತಿದ್ದೆ. ಅಜ್ಜನದ್ದೂ ಹಾಗೇ ಇತ್ತು.

ಈಗ ಹನ್ನೆರಡೂ ಮುಕ್ಕಾಲು. ಬಾವಿ ಕಟ್ಟೆಯ ಹತ್ರ ಕಪ್ಪೆ ಕೂಗ್ತಾ ಉಂಟು. ಮುಂಗಾರಿಗೆ ಇನ್ನೂ ತಿಂಗಳ ಮೇಲೆ ಉಂಟು, ಆದ್ರೆ ಒಂದೆರಡು ಮಳೆ ಬಂದು ಹೋಗಿರ್ಬೇಕು ಕಳೆದ ವಾರ, ಗಿಡದ ಬುಡ ತಣ್ಣಗಿತ್ತು ಬೆಳಿಗ್ಗೆ. ಮಳೆ ಬಿದ್ರೆ ಮೊಗ್ಗು ಕಮ್ಮಿ ಆಗ್ತದೆ, ಕಮ್ಮಿ ಆದ್ರೆ ರೇಟು ಏರ್ತದೆ, ಏರಿದ ದಿನ ಕೈಯಲ್ಲಿ ಹೂವಿರುದಿಲ್ಲ, ಅಜ್ಜಿ ಹೇಳ್ತಿದ್ದದ್ದು.

ಅಡಿಗೆ ಕೋಣೆಯಲ್ಲಿ ಲೈಟ್ ಬಿತ್ತು ಈಗ. ಅತ್ತೆ. ಬಕೆಟಿಗೆ ನೀರು ಬಿಡುವ ಶಬ್ದ, ನಾರು ನೆನೆಸ್ಲಿಕ್ಕೆ ಮರೆತಿರ್ಬೇಕು ಇವತ್ತಿನ ಗಲಾಟೆಯಲ್ಲಿ.

ನಾಳೆ ರಾತ್ರಿ ಬಸ್ಸು ನಂದು. ಕಾಗದ ಬ್ಯಾಗಲ್ಲೇ ಉಂಟು. ಅತ್ತೆ ಹತ್ರ ಇನ್ನೊಮ್ಮೆ ಸರಿ ಕೇಳ್ಬೇಕು, ಎಲ್ಲರ ಎದುರು ಅಲ್ಲ, ಬೆಳಿಗ್ಗೆ ಗಿಡದ ಹತ್ರ, ನಿಮಗೆ ನಿಜವಾಗ್ಲೂ ಎಂತ ಬೇಕು ಅತ್ತೆ ಅಂತ. ಇಲ್ಲೇ ಇರ್ಬೇಕು ಅಂದ್ರೆ ನನ್ನ ಪಾಲಿನಷ್ಟು ಗಿಡ ಆದ್ರೂ ಬಿಡಿಸಿಕೊಳ್ಳಬಹುದಾ, ಹಾಗೆ ಮಾಡಿದ್ರೆ ಜಾಗ ತಗೊಳ್ಳುವವರು ಒಪ್ತಾರಾ, ಮಾವನ ಸಾಲಕ್ಕೆ ಎಷ್ಟು ಕಮ್ಮಿ ಬೀಳ್ತದೆ. ಪುಣೆಗೆ ಹೋಗ್ತೇನೆ ಅಂದ್ರೆ ನಾನು ಸುಮ್ಮನಿರ್ಬೇಕು, ಅದು ಅವರ ಬೆನ್ನು. ಆದ್ರೆ ಅವರು ಬೇಕು ಅಂತಲೂ ಹೇಳುದಿಲ್ಲ ಬೇಡ ಅಂತಲೂ ಹೇಳುದಿಲ್ಲ, ಅಮ್ಮನಾದ್ರೆ ಒಂದು ಚೆಂಡು ಕಟ್ಟಿ ಮುಗಿಸುವುದರೊಳಗೆ ಬಾಯಿ ಬಿಡಿಸ್ತಿದ್ದಳು, ಅವರಿಬ್ಬರೂ ಇದೇ ಜಗಲಿಯಲ್ಲಿ ಕೂತು ಮಾತಾಡುವಾಗ ನಾನು ಪಕ್ಕದಲ್ಲಿ ಬೀಜ ಎಣಿಸ್ತಾ