133ರ ಉತ್ತರ ಓದದೆ ನಾನು ಬರೆದ ಆಕ್ಷೇಪಣೆ

ಅಪಘಾತದ ಪ್ರಕರಣದಲ್ಲಿ ವಾಹನದ ಮಾಲೀಕರ ಪರವಾಗಿ ವಕಾಲತ್ತು ಹಾಕುವ ಮೊದಲು ನಾನು ಕೇಳುವ ಮೊದಲ ಕಾಗದ ಆರ್.ಸಿ. ಅಲ್ಲ, ವಿಮಾ ಪಾಲಿಸಿಯೂ ಅಲ್ಲ. ಮೋಟಾರು ವಾಹನಗಳ ಕಾಯ್ದೆಯ 133ನೇ ಕಲಮಿನ ಪ್ರಕಾರ ಸಂಚಾರ ಪೊಲೀಸರು ಮಾಲೀಕರಿಗೆ ಕೊಡುವ ನೋಟಿಸು ಮತ್ತು ಅದಕ್ಕೆ ಮಾಲೀಕರು ತಮ್ಮ ಕೈಯಾರೆ ಬರೆದುಕೊಟ್ಟ ಉತ್ತರದ ಪ್ರತಿಯನ್ನು ಮೊದಲು ಕೇಳುತ್ತೇನೆ. ಅಪಘಾತವಾದಾಗ ವಾಹನವನ್ನು ಯಾರು ಓಡಿಸುತ್ತಿದ್ದರು, ಅವರ ವಿಳಾಸವೇನು, ಅವರಿಗೆ ಲೈಸೆನ್ಸ್ ಇತ್ತೇ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುತ್ತದೆ. ಠಾಣೆಯ ಬೆಂಚಿನ ಮೇಲೆ ಕೂತು ಗಾಬರಿಯಲ್ಲಿ ಬರೆದ ಆ ಅರ್ಧ ಪುಟ ದೋಷಾರೋಪ ಪಟ್ಟಿಯ ಜೊತೆ ಸೇರಿ, ವರ್ಷಗಳ ನಂತರ ಬೇರೊಂದು ನ್ಯಾಯಾಲಯದಲ್ಲಿ ಎದುರಾಗುತ್ತದೆ. ಇದನ್ನು ನಾನು ಒಬ್ಬ ತಾಯಿಗೆ ತೊಂದರೆ ಕೊಟ್ಟು ಕಲಿತೆ.

2019ರ ಡಿಸೆಂಬರಿನಲ್ಲಿ ವಿಜಯನಗರದ ಕಡೆಯ ಒಂದು ಅಡ್ಡರಸ್ತೆಯಲ್ಲಿ ಮೊದಲ ಪಿಯುಸಿ ಓದುತ್ತಿದ್ದ ಹದಿನಾರು ವರ್ಷದ ಹುಡುಗನೊಬ್ಬ ಟ್ಯೂಷನ್‌ಗೆ ಹೋಗುವಾಗ, ಬುಟ್ಟಿ ಹೊತ್ತು ರಸ್ತೆ ದಾಟುತ್ತಿದ್ದ ಹೂವು ಮಾರುವ ಹೆಂಗಸಿಗೆ ಸ್ಕೂಟರ್ ಗುದ್ದಿಸಿದ. ಆಕೆಯ ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಸ್ಕೂಟರ್ ಹುಡುಗನ ತಾಯಿಯ ಹೆಸರಿನಲ್ಲಿತ್ತು. ನಮ್ಮ ಊರಿನಲ್ಲಿ ಇದು ತೀರ ಸಾಮಾನ್ಯ; ಕೊಳ್ಳುವವರು ತಂದೆ, ಓಡಿಸುವವರು ಮನೆಯಲ್ಲಿ ಯಾರೋ, ಆರ್.ಸಿ. ಮಾತ್ರ ಅಮ್ಮನ ಹೆಸರಿಗೆ. ಆ ತಾಯಿಗೆ ಸ್ಕೂಟರ್ ಓಡಿಸಲು ಬರುತ್ತಲೇ ಇರಲಿಲ್ಲ.

ನನ್ನ ಬಳಿ ಬಂದವರು ತಂದೆ. ಅವರ ಆತಂಕವೆಲ್ಲ ಮಗನ ಮೇಲಿತ್ತು: ಜೈಲಿಗೆ ಹಾಕುತ್ತಾರೆಯೇ, ಮುಂದೆ ಪಾಸ್‌ಪೋರ್ಟ್ ಸಿಗುತ್ತದೆಯೇ, ಕೆಲಸಕ್ಕೆ ತೊಂದರೆಯಾಗುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದರು. ಇಂಥ ಪ್ರಕರಣಗಳಲ್ಲಿ ಬಹುತೇಕ ತಂದೆತಾಯಂದಿರು ಹೀಗೆಯೇ ಹೆದರುತ್ತಾರೆ, ಆದರೆ ಹೆದರಬೇಕಾದ ಕಡೆ ಹೆದರುವುದಿಲ್ಲ. ಹದಿನೆಂಟು ತುಂಬದ ಮಕ್ಕಳ ವಿಷಯವನ್ನು ಬಾಲ ನ್ಯಾಯ ಮಂಡಳಿ ನೋಡುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಅದರ ಗುರುತು ಬಹಿರಂಗವಾಗುವಂತಿಲ್ಲ. ಇಷ್ಟು ಸಣ್ಣ ಅಪರಾಧಕ್ಕೆ ಬುದ್ಧಿ ಹೇಳಿ ಕಳಿಸುವುದು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಇಲ್ಲವೇ ದಂಡ, ಇಂಥ ಆದೇಶಗಳೇ ಆಗುವುದು ಹೆಚ್ಚು. ಆ ದಂಡವನ್ನೂ ತಂದೆತಾಯಿ ಕಟ್ಟಬೇಕೆಂದು ಮಂಡಳಿ ಹೇಳಬಹುದು. ಮುಂದಿನ ಬದುಕಿಗೆ ಅದರಿಂದ ಅನರ್ಹತೆ ಅಂಟಬಾರದೆಂದು ಕಾನೂನೇ ಬರೆದಿದೆ. ನಮ್ಮ ಹುಡುಗನ ವಿಚಾರಣೆಯೂ ಹೀಗೆಯೇ ಮುಗಿಯಿತು.

ಕಾನೂನಿನ ನಿಜವಾದ ಭಾರ ಬಿದ್ದದ್ದು ತಾಯಿಯ ಮೇಲೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರೆಂದು ಎಣಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಜೊತೆಗೆ ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್.ಎಲ್.ಆರ್. ಕೂಡ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಅದೇ ಕಲಮಿನ ಇನ್ನೊಂದು ಮಾತು: ಪೋಷಕರ ಅಥವಾ ಮಾಲೀಕರ ಒಪ್ಪಿಗೆಯಿಂದಲೇ ಮಗು ಗಾಡಿ ಓಡಿಸಿತೆಂದು ನ್ಯಾಯಾಲಯ ಮೊದಲಿಗೇ ಭಾವಿಸಿಕೊಳ್ಳಬೇಕು. ತಮಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ಸಾಧ್ಯವಿದ್ದ ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಂಡಿದ್ದೆವು ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದೇ.

ನಾನು ಎಡವಿದ್ದು ಈ ವಿನಾಯಿತಿಯನ್ನು ಹಿಡಿದುಕೊಂಡು. ಹೂವಿನ ಹೆಂಗಸು ಪರಿಹಾರಕ್ಕೆ ಅರ್ಜಿ ಹಾಕಿದ್ದರು; ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕೂತು ವಿಚಾರಿಸುತ್ತಾರೆ. ಅಲ್ಲಿ ತಾಯಿ ಒಂದನೆಯ ಪ್ರತಿವಾದಿ, ವಿಮಾ ಕಂಪನಿ ಎರಡನೆಯದು. ಲೈಸೆನ್ಸ್ ಇಲ್ಲದವನು ಓಡಿಸಿದ್ದಾನೆ, ಪಾಲಿಸಿಯ ಷರತ್ತು ಮುರಿದಿದೆ, ಆದ್ದರಿಂದ ಹಣ ಕೊಡುವುದು ನಮ್ಮ ಹೊಣೆಯಲ್ಲ ಎಂದು ವಿಮಾ ಕಂಪನಿ ಹೇಳುವುದು ನನಗೆ ಗೊತ್ತೇ ಇತ್ತು. ಆದರೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೈಸೆನ್ಸ್ ಇಲ್ಲದಿರುವುದೊಂದೇ ಸಾಲದು, ಮಾಲೀಕರ ನಿರ್ಲಕ್ಷ್ಯವನ್ನೂ ವಿಮಾ ಕಂಪನಿ ತೋರಿಸಬೇಕೆಂದು ಹೇಳಿದೆ. ಹಾಗಾಗಿ ತಂದೆಯ ಒಂದು ಮಾತನ್ನು ನಂಬಿ, "ಒಂದನೆಯ ಪ್ರತಿವಾದಿಯ ಅರಿವಿಗೆ ಬಾರದಂತೆ ಆಕೆಯ ಮಗ ಕೀ ತೆಗೆದುಕೊಂಡು ಹೋಗಿದ್ದಾನೆ" ಎಂದು ಆಕ್ಷೇಪಣೆಯಲ್ಲಿ ಬರೆದೆ. ತಾಯಿಯನ್ನು ಕರೆಸಿ ಒಂದು ಮಾತು ಕೇಳಲಿಲ್ಲ. ಕ್ರಿಮಿನಲ್ ಪ್ರಕರಣವನ್ನು ಬೇರೆ ವಕೀಲರು ನೋಡುತ್ತಿದ್ದರು, ಅವರಿಂದ ಕಡತವನ್ನೂ ತರಿಸಲಿಲ್ಲ. ಆಕೆ ಬಂದರು, ತೋರಿಸಿದ ಕಡೆ ಸಹಿ ಹಾಕಿದರು, ಹೋದರು.

ಮಧ್ಯೆ ಕೊರೊನಾ ಬಂದು ನ್ಯಾಯಾಲಯದ ಕಲಾಪಗಳು ತಡವಾದವು. ಸಾಕ್ಷ್ಯದ ದಿನ ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ ಹೆಚ್ಚು ಪ್ರಶ್ನೆಗಳನ್ನೇ ಹಾಕಲಿಲ್ಲ. ಒಂದು ಹಾಳೆ ತೋರಿಸಿ, ಈ ಬರಹ ನಿಮ್ಮದೇ ಎಂದು ಕೇಳಿದರು. ಅದು 133ರ ಉತ್ತರ. ಅದರಲ್ಲಿ ಆಕೆ, ನನ್ನ ಮಗ ದಿನಾ ಸಂಜೆ ಇದೇ ಗಾಡಿಯಲ್ಲಿ ಟ್ಯೂಷನ್‌ಗೆ ಹೋಗುತ್ತಾನೆ, ಅವನಿಗೆ ಇನ್ನೂ ಡಿ.ಎಲ್. ಆಗಿಲ್ಲ, ದಯವಿಟ್ಟು ಕ್ಷಮಿಸಬೇಕು ಎಂದು ಬರೆದಿದ್ದರು. ನಂತರ ನ್ಯಾಯಾಧೀಶರೇ ಕೇಳಿದರು: "ಅಮ್ಮ, ಮನೇಲಿ ಕೀ ಎಲ್ಲಿ ಇಡ್ತೀರಿ?" ಬಾಗಿಲ ಪಕ್ಕ ಮೊಳೆಗೆ ನೇತುಹಾಕಿರುತ್ತೇವೆ ಎಂದರು. "ಹಾಗಾದ್ರೆ ಆಕ್ಷೇಪಣೇಲಿ ಗೊತ್ತಿಲ್ಲ ಅಂತ ಯಾಕೆ ಬರೆದಿದೀರಿ?" ಆಕೆ ನನ್ನ ಕಡೆ ನೋಡಿದರು. "ವಕೀಲರು ಬರೆದಿದ್ರು ಸರ್, ನಾನು ಸಹಿ ಹಾಕ್ದೆ" ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಠಾಣೆಯಲ್ಲಿ ಯಾರ ಸಹಾಯವೂ ಇಲ್ಲದೆ ಸತ್ಯ ಬರೆದಿದ್ದ ಹೆಂಗಸಿನಿಂದ ಪ್ರಮಾಣದ ಮೇಲೆ ಸುಳ್ಳಿಗೆ ಸಹಿ ಹಾಕಿಸಿದವಳು ನಾನು. ಆ ದಿನದ ನಾಚಿಕೆ ಇವತ್ತಿಗೂ ಹಾಗೆಯೇ ಇದೆ.

ಪರಿಹಾರವನ್ನು ವಿಮಾ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಬೇಕೆಂದು ಆದೇಶವಾಯಿತು. ಇದು ಗಾಯಗೊಂಡವರ ಪಾಲಿಗೆ ದೊಡ್ಡ ಆಸರೆ, ಏಕೆಂದರೆ ಅವರು ಮಾಲೀಕರ ಮನೆ ಬಾಗಿಲಿಗೆ ಅಲೆಯಬೇಕಾಗಿಲ್ಲ. ಆದರೆ ವಿಮೆ ಇದೆಯಲ್ಲ ಎಂದು ನೆಮ್ಮದಿಯಾಗಿರುವ ತಂದೆತಾಯಂದಿರು ತಿಳಿಯಬೇಕಾದದ್ದು ವಾಕ್ಯದ ಎರಡನೆಯ ಅರ್ಧವನ್ನು. ಕಂಪನಿ ಕೊಟ್ಟ ಹಣ, ಅರ್ಜಿಯ ದಿನದಿಂದ ಓಡಿದ ಬಡ್ಡಿ ಸಮೇತ, ಮಾಲೀಕರ ಮೇಲೆ ವಾಪಸು ಬರುತ್ತದೆ. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲೂ ಕಾನೂನಿನಲ್ಲಿ ದಾರಿಯಿದೆ. 25,000ದ ದಂಡ ಅದರ ಮುಂದೆ ಏನೂ ಅಲ್ಲ. ಈ ಮನೆಯವರು ಚಿನ್ನ ಅಡವಿಟ್ಟು ಕಂತುಗಳಲ್ಲಿ ಕಟ್ಟಿದರು. ನಾನು ಮೊದಲ ದಿನವೇ ಸತ್ಯವನ್ನು ಒಪ್ಪಿ ಬರೆದಿದ್ದರೂ ಈ ಹೊಣೆ ತಪ್ಪುತ್ತಿರಲಿಲ್ಲ, ಆದರೆ ಸಾಕ್ಷ್ಯಕ್ಕೆಂದು ಕಳೆದ ತಿಂಗಳುಗಳು ಉಳಿಯುತ್ತಿದ್ದವು, ಬಡ್ಡಿ ಕಡಿಮೆಯಾಗುತ್ತಿತ್ತು, ಕಾಲಿಗೆ ರಾಡ್ ಹಾಕಿಸಿಕೊಂಡು ವ್ಯಾಪಾರವಿಲ್ಲದೆ ಕೂತಿದ್ದ ಆ ಹೂವಿನ ಹೆಂಗಸಿಗೆ ಅಷ್ಟು ಬೇಗ ಹಣ ಸೇರುತ್ತಿತ್ತು. ಆಕೆಯನ್ನು ಕಾಯಿಸಿದ್ದರಲ್ಲಿ ನನ್ನ ಪಾಲೂ ಇದೆ.

ಕ್ರಿಮಿನಲ್ ಪ್ರಕರಣದಲ್ಲಿ ತಾಯಿ ತಪ್ಪೊಪ್ಪಿಕೊಂಡರು. ದಂಡದ ಜೊತೆಗೆ ಅಂದು ನ್ಯಾಯಾಲಯ ಏಳುವವರೆಗೆ ಸೆರೆ ಎಂದು ಆದೇಶವಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಆಕೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು.

ಅಂದಿನಿಂದ ಮಾಲೀಕರು ತಂದೆಯೋ ತಾಯಿಯೋ ಯಾರೇ ಆಗಿರಲಿ, ಆರ್.ಸಿ.ಯಲ್ಲಿ ಹೆಸರಿರುವವರು ಸ್ವತಃ ಬಂದು ಕೂರುವವರೆಗೆ ನಾನು ಒಂದು ಸಾಲೂ ಬರೆಯುವುದಿಲ್ಲ. ಬಾಲ ನ್ಯಾಯ ಮಂಡಳಿಯ ಕಡತ, ಕ್ರಿಮಿನಲ್ ಕಡತ, ಪರಿಹಾರದ ಕಡತ ಮೂರನ್ನೂ ಒಂದೇ ಮೇಜಿನ ಮೇಲೆ ತೆರೆದಿಡುತ್ತೇನೆ. ಕೀ ಎಲ್ಲಿರುತ್ತದೆ, ಹುಡುಗ ಅದಕ್ಕೂ ಮೊದಲು ಎಷ್ಟು ಸಲ ಓಡಿಸಿದ್ದ, ಅಕ್ಕಪಕ್ಕದವರು ನೋಡಿದ್ದಾರೆಯೇ ಎಂದು ನಾನೇ ಕೇಳುತ್ತೇನೆ. ಕೀ ಬೀರುವಿನಲ್ಲಿದ್ದು, ಬೀಗ ಹಾಕಿದ್ದು, ಹುಡುಗ ನಿಜವಾಗಿಯೂ ಕದ್ದು ತೆಗೆದದ್ದಾದರೆ ಆ ವಿನಾಯಿತಿಗಾಗಿ ಕೊನೆಯವರೆಗೂ ವಾದಿಸುತ್ತೇನೆ; ಮೊಳೆಯಲ್ಲಿ ನೇತಾಡುತ್ತಿದ್ದದ್ದಾದರೆ ಹಾಗೆಂದೇ ಬರೆಯುತ್ತೇನೆ. ಠಾಣೆಗೆ ಹೊರಡುವ ಮೊದಲೇ ಫೋನ್ ಮಾಡುವವರಿಗೆ, ಸೋದರಮಾವನ ಮಗನೋ ಡ್ರೈವರೋ ಓಡಿಸುತ್ತಿದ್ದನೆಂದು 133ರಲ್ಲಿ ಬರೆಯಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ಈಗ ಬೀದಿ ಬೀದಿಯಲ್ಲಿ ಕ್ಯಾಮೆರಾ ಇದೆ, ಇನ್ನೊಬ್ಬನನ್ನು ಸಿಕ್ಕಿಸಿದರೆ ಮೊದಲ ಅಪರಾಧದ ಮೇಲೆ ಅದಕ್ಕಿಂತ ಭಾರವಾದ ಎರಡನೆಯದು ಸೇರುತ್ತದೆ.

ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದಲ್ಲವೇ ಎಂದು ಕೇಳುವವರೂ ಬಹಳ. ಸಿಗುತ್ತದೆ, 50 ಸಿ.ಸಿ. ಮೀರದ ದ್ವಿಚಕ್ರ ವಾಹನಕ್ಕೆ ಮಾತ್ರ. ಮನೆಗಳ ಮುಂದೆ ನಿಂತಿರುವ ಸ್ಕೂಟರುಗಳು ನೂರು ಸಿ.ಸಿ. ದಾಟಿದವು. ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ ಎಂಬುದೂ ಅರ್ಧ ಸತ್ಯ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರುವವಕ್ಕೆ ಮಾತ್ರ ಆ ರಿಯಾಯಿತಿ. ನೋಂದಣಿ ಫಲಕವಿರುವ ಎಲೆಕ್ಟ್ರಿಕ್ ಸ್ಕೂಟರನ್ನು ಮಗನ ಕೈಗೆ ಕೊಟ್ಟರೆ ಮೇಲೆ ಹೇಳಿದ ಎಲ್ಲವೂ ಅನ್ವಯಿಸುತ್ತದೆ.

ಆ ಹುಡುಗ ಈಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಕೆಲಸಕ್ಕೆ ಸೇರುವ ಮುನ್ನ ತಾಯಿಯೊಡನೆ ನನ್ನ ಕಚೇರಿಗೆ ಬಂದಿದ್ದ. ಎಲ್.ಎಲ್.ಆರ್.ಗೆ ಅರ್ಜಿ ಹಾಕಬಹುದೇ ಎಂದು ಕೇಳಿದ. ಅವನ ಹುಟ್ಟಿದ ದಿನಾಂಕ ನೋಡಿ ಲೆಕ್ಕ ಹಾಕಿ, 2028ರವರೆಗೆ ಆಗುವುದಿಲ್ಲ ಎಂದೆ. ತಾಯಿ ಅವನ ಕಡೆ ನೋಡಲಿಲ್ಲ; ಚೀಲದಿಂದ ಪುಟ್ಟ ಡೈರಿ ತೆಗೆದು ಆ ವರ್ಷವನ್ನು ಬರೆದುಕೊಂಡರು.