ಹದಿನೆಂಟು ವಾಟ್‌ನ ಹದ

ಮೇ ತಿಂಗಳ ಒಂದು ಶನಿವಾರ. ಎಸ್‌ಎಸ್‌ಎಲ್‌ಸಿ ಪರೀಕ್ಷೆ-2 ಬರೆಯಲಿದ್ದ ನಮ್ಮ ಶಾಲೆಯ ಒಂಬತ್ತು ಮಕ್ಕಳಿಗೆ ವಿಜ್ಞಾನದ ಆರು ಪಾಠಗಳನ್ನು ವೀಡಿಯೊ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅವರಲ್ಲಿ ಹೆಚ್ಚಿನವರು ಮಂಡ್ಯದ ಆಚೀಚೆಯ ಹಳ್ಳಿಯವರು. ರಜೆಯಲ್ಲಿ ದಿನವೂ ಬಂದು ಹೋಗುವುದು ಅವರಿಗೆ ಕಷ್ಟ, ಮನೆಯಲ್ಲಿ ಕೆಲಸವೂ ಇರುತ್ತದೆ. ಮೊಬೈಲಿನಲ್ಲಿ ಪಾಠ ಸಿಕ್ಕರೆ ರಾತ್ರಿಯಾದರೂ ನೋಡಿಕೊಳ್ಳುತ್ತಾರೆ. ಚಿತ್ರೀಕರಣ ಮುಗಿದಿತ್ತು. ಇನ್ನು ಪ್ರತಿ ಪಾಠವನ್ನೂ ಲ್ಯಾಪ್‌ಟಾಪಿನಲ್ಲಿ ಹಾಕಿ, ಕಳುಹಿಸಬಹುದಾದ ವೀಡಿಯೊ ಕಡತವಾಗಿ ಮಾಡಿಸುವುದು (ರೆಂಡರ್) ಬಾಕಿ. ಸೋಮವಾರದೊಳಗೆ ಆರನ್ನೂ ಕಳುಹಿಸಬೇಕಿತ್ತು.

ಬೆಳಗ್ಗೆ ಎಂಟಕ್ಕೆ ಶುರುಮಾಡಿದ ಮೊದಲ ಪಾಠ, 22 ನಿಮಿಷದ್ದು, 41 ನಿಮಿಷದಲ್ಲಿ ಸಿದ್ಧವಾಯಿತು. ಅಷ್ಟೇ ಉದ್ದದ ಎರಡನೆಯದು ಹನ್ನೊಂದರ ಹೊತ್ತಿಗೆ ಸುಮಾರು ಒಂದು ಗಂಟೆ ತೆಗೆದುಕೊಂಡಿತು. ಮೂರನೆಯದು ಅರ್ಧಕ್ಕೆ ಬರುವಾಗ ಬಿಸಿಲು ಕಿಟಕಿಯ ಮೇಲಿತ್ತು, ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲ್ಭಾಗ ಕೈಯಿಡಲಾಗದಷ್ಟು ಸುಡುತ್ತಿತ್ತು. ಫ್ಯಾನಿನ ಸದ್ದು ಅಡುಗೆಮನೆಯವರೆಗೂ ಕೇಳಿ ಅಮ್ಮ ಬಂದು, "ಇದೇನಪ್ಪಾ, ಮಿಕ್ಸಿಯ ಹಾಗೆ ಕೂಗುತ್ತಿದೆ?" ಎಂದರು.

ನನ್ನದು 2018ರಲ್ಲಿ ಕೊಂಡ ಯಂತ್ರ. ಅದರ ಪ್ರೊಸೆಸರ್, ಎಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪು, ಇಂಟೆಲ್ ಐ5-8250ಯು, ನಾಲ್ಕು ಕೋರ್, ಹೆಸರಿಗೆ 15 ವಾಟ್‌ನದು. ಆ ಹೆಸರಿನ 15 ವಾಟ್ ಎಷ್ಟು ಸಡಿಲವಾದ ಮಾತೆಂದು ಅಂದೇ ನನಗೆ ಸರಿಯಾಗಿ ತಿಳಿದದ್ದು. ಪ್ರೊಸೆಸರ್‌ನ ವೇಗ, ಉಷ್ಣತೆ ತೋರಿಸಿ ಅದರ ಮಿತಿಗಳನ್ನು ಬದಲಿಸಲೂ ಬಿಡುವ ಥ್ರಾಟಲ್‌ಸ್ಟಾಪ್ ಎಂಬ ಚಿಕ್ಕ ತಂತ್ರಾಂಶ ಹಾಕಿ ನೋಡಿದೆ. ಪ್ರೊಸೆಸರ್‌ಗೆ ಎರಡು ವಿದ್ಯುತ್ ಮಿತಿಗಳಿರುತ್ತವೆ: ದೀರ್ಘಕಾಲ ಎಳೆಯಬಹುದಾದದ್ದು ಪಿಎಲ್1, ಸ್ವಲ್ಪ ಹೊತ್ತಿಗೆ ಮಾತ್ರ ಎಳೆಯಬಹುದಾದದ್ದು ಪಿಎಲ್2. ನನ್ನ ಯಂತ್ರದಲ್ಲಿ ಮೊದಲನೆಯದು 25 ವಾಟ್, ಎರಡನೆಯದು 44 ವಾಟ್, ಅವಧಿ 28 ಸೆಕೆಂಡ್ ಎಂದು ನಮೂದಾಗಿತ್ತು. ಬೆರಳಿನಷ್ಟು ದಪ್ಪದ ಲ್ಯಾಪ್‌ಟಾಪು, ಒಂದೇ ಫ್ಯಾನು, ಮಂಡ್ಯದ ಮೇ ತಿಂಗಳು. 44 ವಾಟ್ ಶಾಖ ಹೊರಹೋಗಲು ಅಲ್ಲಿ ದಾರಿಯೇ ಇಲ್ಲ.

ಪರದೆಯ ಮೇಲೆ ಅದರ ಪಾಡು ಕಣ್ಣಿಗೆ ಕಟ್ಟುವಂತಿತ್ತು. ಕೆಲಸ ಶುರುವಾದೊಡನೆ ವೇಗ 3 ಗಿಗಾಹರ್ಟ್ಸ್ ದಾಟುತ್ತದೆ, ಕೆಲವೇ ಸೆಕೆಂಡಿನಲ್ಲಿ ಉಷ್ಣತೆ 100 ಡಿಗ್ರಿ ಮುಟ್ಟುತ್ತದೆ. ಈ ಪ್ರೊಸೆಸರ್ ತಾಳಬಲ್ಲ ಮೇಲಿನ ಗಡಿ ಅದು. ಕೂಡಲೇ ವೇಗ ಕುಸಿಯುತ್ತದೆ. ಕೆಲವೊಮ್ಮೆ ಮದರ್‌ಬೋರ್ಡಿನ ಬೇರೆ ಭಾಗಗಳು ಕಾದು, "ಸಾಕು" ಎಂಬ ಸಂಕೇತ ಕಳುಹಿಸಿದಾಗ 0.8 ಗಿಗಾಹರ್ಟ್ಸ್‌ವರೆಗೂ ಬಿದ್ದುಬಿಡುತ್ತಿತ್ತು. ಸ್ವಲ್ಪ ಆರಿದ ಮೇಲೆ ಮತ್ತೆ ಓಟ, ಮತ್ತೆ ಕುಸಿತ. ನಾನು ಕಾಯುತ್ತಿದ್ದ ಒಂದು ಗಂಟೆಯಲ್ಲಿ ಬಹುಪಾಲು ಈ ಏರಿಳಿತದಲ್ಲೇ ಸೋರಿಹೋಗುತ್ತಿತ್ತು.

ಮೊದಲು ಮಾಡಬೇಕಾದದ್ದನ್ನು ಮೊದಲು ಮಾಡಿದೆ. ನೂರಡಿ ರಸ್ತೆಯ ಅಂಗಡಿಯೊಂದರಲ್ಲಿ ಥರ್ಮಲ್ ಪೇಸ್ಟ್ (ಚಿಪ್ಪಿನ ಶಾಖವನ್ನು ತಣಿಸುವ ತಾಮ್ರಕ್ಕೆ ದಾಟಿಸುವ ಲೇಪ) ತಂದು, ಹಿಂಬದಿಯ ಮುಚ್ಚಳ ಬಿಚ್ಚಿದೆ. ತಾಮ್ರದ ರೆಕ್ಕೆಗಳ ಬಾಯಿಗೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಹಳೆಯ ಪೇಸ್ಟ್ ಒಣಗಿ ಪುಡಿಯಾಗಿತ್ತು. ಎಲ್ಲ ಶುಚಿಮಾಡಿ ಮುಚ್ಚಿದ ಮೇಲೆ ಸುಧಾರಣೆ ಕಂಡಿತು. ಆದರೆ ಮಧ್ಯಾಹ್ನ ಮೂರರ ಸೆಕೆಯಲ್ಲಿ ಮತ್ತೆ 98, 99. ಕೆಳಗೆ ಎರಡು ಪುಸ್ತಕವಿಟ್ಟು ಎತ್ತರಿಸಿದೆ, ಟೇಬಲ್ ಫ್ಯಾನ್ ತಿರುಗಿಸಿದೆ. ತಣಿಸುವುದೊಂದನ್ನೇ ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಪಾಂಡವಪುರದ ಕಡೆಯಿಂದ ಸೋದರಮಾವ ಬಂದರು. ಮೊದಲು ಅವರದು ಆಲೆಮನೆ. ಚಾಪೆಯ ಮೇಲೆ ಕುಳಿತು ಕಾಫಿ ಕುಡಿಯುತ್ತಾ ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿದರು. "ಒಲೆ ಉರಿಯುತ್ತಿರುವಾಗ ಕೊಪ್ಪರಿಗೆಗೆ ಗಾಳಿ ಬೀಸಿದರೆ ಏನು ಬಂತಯ್ಯ? ಪಾಕ ಉಕ್ಕಿಬಂದರೆ ನಾವು ಸಿಪ್ಪೆ ತಳ್ಳುವುದನ್ನು ಕಡಿಮೆ ಮಾಡುತ್ತಿದ್ದೆವು" ಎಂದರು. "ಹೌದಲ್ಲ ಮಾವ" ಎಂದು ಎದ್ದೆ.

ನಾನು ಪಾಠ ಮಾಡುವುದೇ ಜೌಲ್‌ನ ನಿಯಮವನ್ನು. ಆ ದಿನದ ಮೂರನೇ ವೀಡಿಯೊ ಕೂಡ ವಿದ್ಯುತ್ತಿನ ಉಷ್ಣೋತ್ಪಾದನೆಯ ಕುರಿತದ್ದೇ. ಚಿಪ್ಪಿನ ಲೆಕ್ಕ ಸ್ವಲ್ಪ ಬೇರೆ: ಅದರ ಕೋಟ್ಯಂತರ ಸ್ವಿಚ್ಚುಗಳು ಬದಲಾಗಲು ತಗಲುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ, ವೋಲ್ಟೇಜಿಗೆ ಅದರ ವರ್ಗದಂತೆಯೂ ಏರುತ್ತದೆ. ವೇಗ ಹೆಚ್ಚಿಸಬೇಕೆಂದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ವೇಗ ಶೇ. 20 ಏರಿ, ಅದಕ್ಕಾಗಿ ವೋಲ್ಟೇಜ್ ಶೇ. 10 ಏರಿತೆಂದರೆ ವಿದ್ಯುತ್ತು ಸುಮಾರು ಶೇ. 45 ಹೆಚ್ಚುತ್ತದೆ. ಕೊನೆಯ ಆ ಸ್ವಲ್ಪ ವೇಗ ಅಷ್ಟು ದುಬಾರಿ. ಅದನ್ನು ಬಿಟ್ಟುಕೊಟ್ಟರೆ ಕಳೆದುಕೊಳ್ಳುವ ಕೆಲಸ ಕಡಿಮೆ, ತಪ್ಪುವ ಶಾಖ ಬಹಳ.

ವೋಲ್ಟೇಜನ್ನೇ ನೇರವಾಗಿ ತಗ್ಗಿಸುವ ಆಸೆಯಿತ್ತು, ಆಗಲಿಲ್ಲ. ಆ ಭಾಗಕ್ಕೆ ಬೀಗ ಬಿದ್ದಿತ್ತು. ವೋಲ್ಟೇಜ್ ತಗ್ಗಿಸುವ ಈ ದಾರಿಯನ್ನೇ ದುರುಪಯೋಗಪಡಿಸಬಹುದಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ 2019ರ ಡಿಸೆಂಬರಿನಲ್ಲಿ ಬಯಲಾದ ಮೇಲೆ ಅನೇಕ ಲ್ಯಾಪ್‌ಟಾಪುಗಳ ಬಯೋಸ್ (ಯಂತ್ರ ಹಚ್ಚಿದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ನವೀಕರಣಗಳು ಆ ಬಾಗಿಲನ್ನು ಮುಚ್ಚಿದವು. ವಿದ್ಯುತ್ ಮಿತಿಯ ಬಾಗಿಲು ಮಾತ್ರ ನನ್ನ ಯಂತ್ರದಲ್ಲಿ ತೆರೆದೇ ಇತ್ತು.

ಪಿಎಲ್2 ಅನ್ನು 25ಕ್ಕೆ, ಪಿಎಲ್1 ಅನ್ನು 15ಕ್ಕೆ ಇಳಿಸಿ ಮೂರನೇ ಪಾಠವನ್ನು ಮೊದಲಿನಿಂದ ಹಚ್ಚಿದೆ. ವೇಗ 2.3ರ ಆಸುಪಾಸಿನಲ್ಲಿ ನಿಂತಿತು. ನಿಂತಿತು ಎಂಬುದೇ ನನಗೆ ದೊಡ್ಡ ಸಂಗತಿ. ಗೆರೆ ಅಲುಗಾಡಲೇ ಇಲ್ಲ. ಉಷ್ಣತೆ 77. 38 ನಿಮಿಷ. ನಾಲ್ಕನೆಯದಕ್ಕೆ ಪಿಎಲ್1 ಅನ್ನು 18 ವಾಟ್‌ಗೆ ಏರಿಸಿದೆ: ವೇಗ 2.6, ಉಷ್ಣತೆ 84ರಿಂದ 86, ಸಮಯ 34 ನಿಮಿಷ. ಐದನೆಯದಕ್ಕೆ ಆಸೆಪಟ್ಟು 22ಕ್ಕೆ ಏರಿಸಿದಾಗ ಉಷ್ಣತೆ 96 ದಾಟಿತು, ಹತ್ತು ನಿಮಿಷಕ್ಕೆ ಏರಿಳಿತ ಶುರುವಾಯಿತು, 37 ನಿಮಿಷ ಹಿಡಿಯಿತು. ಹೆಚ್ಚು ಉರಿ ಹಾಕಿ ಕೆಲಸವನ್ನು ತಡಮಾಡಿದ್ದೆ. ಮತ್ತೆ 18ಕ್ಕೆ ಬಂದೆ.

ಈ ಅಂಕಿಗಳನ್ನು ಯಾರೂ ತಮ್ಮ ಯಂತ್ರಕ್ಕೆ ಹಾಗೆಯೇ ಎತ್ತಿಕೊಳ್ಳಬಾರದು. ತೆಳ್ಳಗಿನದಕ್ಕೆ 12 ವಾಟೇ ಸರಿಯಿರಬಹುದು, ದೊಡ್ಡ ಫ್ಯಾನಿನದಕ್ಕೆ 30 ಕೊಟ್ಟರೂ ತಾಳಬಹುದು. ಒಂದೇ ಕೆಲಸವನ್ನು ಬೇರೆ ಬೇರೆ ಮಿತಿಯಲ್ಲಿ ಮಾಡಿಸಿ ಗಡಿಯಾರ ನೋಡುವುದೇ ದಾರಿ. ಮರೆಯಬಾರದ ಇನ್ನೊಂದು ಸಂಗತಿಯಿದೆ: ಯಂತ್ರವನ್ನು ಆರಿಸಿ ಹಚ್ಚಿದರೆ ಮಿತಿ ಹಳೆಯದಕ್ಕೇ ಮರಳುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಲಾಗಿನ್ ಆದೊಡನೆ ತಂತ್ರಾಂಶ ತಾನಾಗಿ ತೆರೆಯುವಂತೆ ನಾನು ಹೊಂದಿಸಿಕೊಂಡೆ.

ಆರನೆಯ ಪಾಠ ರಾತ್ರಿ ಹತ್ತೂವರೆಗೆ ಸಿದ್ಧವಾಯಿತು. ಮಾವ ಅದೇ ಕೋಣೆಯ ಚಾಪೆಯ ಮೇಲೆ ನಿದ್ದೆಹೋಗಿದ್ದರು. ಫ್ಯಾನು ತಿರುಗುತ್ತಿದ್ದುದು ಹತ್ತಿರ ಬಗ್ಗಿದರಷ್ಟೇ ಕೇಳುತ್ತಿತ್ತು. ಆರೂ ಪಾಠಗಳನ್ನು ಮಕ್ಕಳಿಗೆ ಕಳುಹಿಸಿದೆ. ಒಬ್ಬಳು ಆಗಲೇ ನೋಡಲು ಕುಳಿತಿದ್ದಳೆಂದು ಕಾಣುತ್ತದೆ, ಹನ್ನೊಂದೂಕಾಲಕ್ಕೆ ಪ್ರಶ್ನೆ ಬಂತು: "ಸರ್, ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು ಏಕಾಗುತ್ತದೆ?"

ಉತ್ತರ ಬರೆದು ಮಲಗಿದೆ. ಡಿಸೆಂಬರಿನ ಚಳಿಯಲ್ಲಿ ಮಿತಿಯನ್ನು 20ಕ್ಕೆ ಏರಿಸಿದ್ದೆ, ತಾಳಿಕೊಂಡಿತು. ಶಿವರಾತ್ರಿ ಕಳೆದ ಮೇಲೆ ಮತ್ತೆ 18.