ಅಪ್ಪ ಅಮ್ಮನಿಗೆ ಯುರೋಪ್ ತೋರಿಸುದಾದ್ರೆ ನಿಧಾನಕ್ಕೇ ತೋರಿಸಿ

ಈ ಮೇ ತಿಂಗಳಲ್ಲಿ ಅಪ್ಪ ಅಮ್ಮ ಉಡುಪಿಯಿಂದ ಎರಡನೇ ಸಲ ಮ್ಯೂನಿಕ್‌ಗೆ ನಮ್ಮ ಮನೆಗೆ ಬರ್ತಿದ್ದಾರೆ, ಅಪ್ಪನಿಗೆ 74, ಅಮ್ಮನಿಗೆ 69. ಮೊದಲ ಸಲ ಬಂದಾಗ ಎಂಟು ದಿನದಲ್ಲಿ ಐದು ಊರು ಸುತ್ತಿಸಿದ್ದೆ, ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟುದು ಸ್ಟೇಷನ್ನಿಗೆ ಓಡುದು, ಕೊನೆಗೆ ಅಪ್ಪನ ಮೊಣಕಾಲು ಊದಿ ಅವರು ಎಂತದೂ ಹೇಳದೆ ಹೋಟೆಲ್ ರೂಮಲ್ಲಿ ಕೂತದ್ದು ನೆನಪಾದ್ರೆ ಈಗ್ಲೂ ಸಂಕಟ ಆಗ್ತದೆ. ಊರಿಗೆ ಹೋದ ಮೇಲೆ ಅಮ್ಮ ಫೋಟೋ ನೋಡಿ ಇದು ಯಾವ ಊರು ಅಂತ ನನ್ನತ್ರವೇ ಕೇಳಿದ್ರು.

ಹಾಗಾಗಿ ಈ ಸಲ ನಾಲ್ಕು ವಾರ, ಊರು ಮೂರೇ. ಮೊದಲ ವಾರ ಮನೆಯಲ್ಲೇ, ಸಂಜೆ ಇಲ್ಲಿಯ ಇಂಗ್ಲಿಷ್ ಗಾರ್ಡನ್ ಪಾರ್ಕಲ್ಲಿ ಸ್ವಲ್ಪ ನಡಿಯುದು ಅಷ್ಟೆ. ಆಮೇಲೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಾಲ್ಕು ರಾತ್ರಿ, ಇನ್ಸ್‌ಬ್ರುಕ್ ಮೂರು, ಸ್ವಿಟ್ಜರ್‌ಲ್ಯಾಂಡಿನ ಲುಸರ್ನ್ ಐದು, ವಾಪಸ್ ಬಂದು ಉಳಿದ ದಿನ ಪುನಃ ಮನೆ. ಸಾಲ್ಜ್‌ಬರ್ಗ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಲ್ಲಿ ಎರಡು ಗಂಟೆಯೊಳಗೆ, ಅಲ್ಲಿಂದ ಲುಸರ್ನ್ ದಾರಿಯಲ್ಲಿ ಸಿಗುವ ಜ್ಯೂರಿಕ್‌ಗೆ ಮೂರೂವರೆ, ಅದೂ ಆರ್ಲ್‌ಬರ್ಗ್ ಬೆಟ್ಟದ ದಾರಿ, ಕಿಟಕಿ ಹತ್ರ ಕೂತ್ರೆ ಅದೇ ಒಂದು ಟೂರ್. ಪ್ರತಿ ಊರಲ್ಲೂ ಒಂದು ದಿನ ಪೂರ್ತಿ ಖಾಲಿ ಇಟ್ಟಿದ್ದೇನೆ, ಅದಕ್ಕೆ ಯಾರು ಎಂತ ಸಲಹೆ ಕೊಟ್ರೂ ತುಂಬಿಸುದಿಲ್ಲ.

ಸ್ವಿಸ್ ಅಂದ್ರೆ ಎಲ್ಲರೂ ಯೂಂಗ್‌ಫ್ರಾವ್‌ಯೋಖ್ ಅಂತಾರೆ. ಅದು ಹಿಮದ ಬೆಟ್ಟದ ಮೇಲಿನ ರೈಲು ಸ್ಟೇಷನ್, 3,454 ಮೀಟರ್ ಎತ್ತರ, ಅಪ್ಪನಿಗೆ ಬಿಪಿ ಉಂಟು, ಬೇಡ. ಅದರ ಬದಲು ರಿಗಿ ಬೆಟ್ಟ, 1,798 ಮೀಟರ್. ಲುಸರ್ನ್‌ನಿಂದ ಸರೋವರದಲ್ಲಿ ಬೋಟು ಹಿಡಿದು ಬೆಟ್ಟದ ಬುಡದ ವಿಟ್ಸ್‌ನಾವ್‌ಗೆ ಹೋಗಿ ಅಲ್ಲಿಂದ 1871ರಿಂದ ಓಡ್ತಿರುವ, ಹಲ್ಲಿನ ಹಳಿ ಹಿಡಿದು ಬೆಟ್ಟ ಹತ್ತುವ ರೈಲಲ್ಲಿ ಮೇಲೆ ಹೋದ್ರೆ ನಡಿಲಿಕ್ಕೇ ಇಲ್ಲ, ಪ್ರವಾಸಿಗಳಿಗೆ ಸಿಗುವ ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ಬೋಟೂ ರೈಲೂ ಎರಡೂ ಬರ್ತದೆ.

ವೀಸಾಕ್ಕೆ ಪ್ರವಾಸಕ್ಕಿಂತ ಆರು ತಿಂಗಳು ಮುಂಚೆಯೇ ಅರ್ಜಿ ಹಾಕ್ಬಹುದು, ಕೊನೆ ಗಳಿಗೆಗೆ ಇಡ್ಬೇಡಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಬೇಕು, ಆದ್ರೆ ಮೊತ್ತ ಮಾತ್ರ ನೋಡಿ ತೆಗೀಬೇಡಿ ಮಾರಾಯ್ರೆ, ಮೊದಲೇ ಇದ್ದ ಶುಗರ್ ಬಿಪಿಯಿಂದ ತೊಂದರೆ ಆದ್ರೆ ಕೊಡ್ತಾರಾ ಅಂತ ಓದಿ. ಮಾತ್ರೆ ಎಲ್ಲ ಕೈಚೀಲದಲ್ಲಿ, ಡಾಕ್ಟರ ಚೀಟಿ ಜೊತೆ, ಚೀಟಿಯಲ್ಲಿ ಕಂಪನಿ ಹೆಸರಲ್ಲ, ಮದ್ದಿನ ಮೂಲ ಹೆಸರು ಬರೆಸಿ. ವೀಲ್‌ಚೇರ್ ಬೇಕು ಅಂತ ವಿಮಾನದ ಟಿಕೆಟ್ ಮಾಡುವಾಗ್ಲೇ ಹೇಳಿ. ಅಪ್ಪ ಮೊದಲು ನಾನೆಂತ ರೋಗಿಯಾ ಅಂತ ಒಪ್ಲೇ ಇಲ್ಲ, ಏರ್‌ಪೋರ್ಟಲ್ಲಿ ಗೇಟಿಂದ ಗೇಟಿಗೆ ಎಷ್ಟು ದೂರ ಅಂತ ಮ್ಯಾಪಲ್ಲಿ ತೋರಿಸಿದ ಮೇಲೆ ಹೂಂ ಅಂದ್ರು.

ಉಳಿಲಿಕ್ಕೆ ಅಡುಗೆಮನೆ ಇರುವ ರೂಮೇ ನೋಡಿದ್ದೇನೆ, ಸ್ಟೇಷನ್ನಿಗೆ ಹತ್ರ, ಲಿಫ್ಟ್ ಉಂಟು ಅಂತ ಮೆಸೇಜ್ ಮಾಡಿ ಕೇಳಿ ಖಾತ್ರಿ ಮಾಡಿದ್ದು, ಯಾಕಂದ್ರೆ ಇಲ್ಲಿಯ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಮೆಟ್ಟಿಲು ಮಾತ್ರ. ರಾತ್ರಿ ಒಂದು ಹೊತ್ತು ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ಸಿಕ್ಕಿದ್ರೆ ಅವರಿಗೆ ಹಗಲು ಎಂತ ತಿಂದ್ರೂ ಆಗ್ತದೆ. ಜೂನ್ ಹತ್ತಿರ ಬಂದ್ರೆ ಇಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ದಾಟ್ತದೆ, ದೀಪ ಹಚ್ಚುದು ಯಾವಾಗ ಅಂತ ಅಮ್ಮ ಹೋದ ಸಲ ತುಂಬ ಒದ್ದಾಡಿದ್ರು, ಈಗ ಊರಿನ ಹಾಗೇ ಏಳು ಗಂಟೆಗೆ ಹಚ್ಚುವ ಅಂತ ನಾವಿಬ್ರೂ ಮಾತಾಡಿ ಆಗಿದೆ.

ಇನ್ನೊಂದು, ತುಪ್ಪ, ಪೇಡ ಕಟ್ಟಿ ಕಳಿಸ್ಬೇಡಿ, ಹಾಲಿನ ಪದಾರ್ಥ ಹೊರಗಿಂದ ಯುರೋಪಿಗೆ ತರ್ಲಿಕ್ಕೆ ಬಿಡುದಿಲ್ಲ. ಕರಿಬೇವಿಗೂ ರೋಗ ಕೀಟ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ತೆಂಗಿನಕಾಯಿಗೆ ಬೇಡ. ಅದನ್ನು ಹೇಳಿದ್ದೇ ತಡ, ಮನೆ ಹಿತ್ತಲಿನ ಮರದ್ದು ಎರಡು ಕಾಯಿ ಸುಲಿದು ತರ್ತೇನೆ ಅಂದಿದ್ದಾರೆ ಅಮ್ಮ.